ನಮ್ಮೂರಿಗೆ ಟಿ.ವಿ. ಮೊದಲು ಬಂದಿತ್ತು

ಆಫೀಸಿನಲ್ಲಿ ರಾಜ್ಯೋತ್ಸವದ ಕ್ವಿಜ್ ಅಂದ್ರೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇರುತ್ತೆ. ಕ್ಯಾಂಟೀನಿನ ಮೂಲೆಯಲ್ಲಿ ಹಳದಿ-ಕೆಂಪು ಬಲೂನು, ಬಾಡಿಗೆ ಮೈಕು, ಮೇಜಿನ ಮೇಲೆ ತಣ್ಣಗಾದ ಸಮೋಸ. ಈ ಸಲ ಒಂದು ರೌಂಡು ಪೂರ್ತಿ ಟಿ.ವಿ. ಬಗ್ಗೆ ಇಟ್ಟಿದ್ದರು. 'ಮಾಲ್ಗುಡಿ ಡೇಸ್' ಚಿತ್ರೀಕರಣ ಎಲ್ಲಿ ಆಯ್ತು? ಆಗುಂಬೆ, ಹತ್ತು ಕೈ ಒಟ್ಟಿಗೆ ಮೇಲೆ. ಸ್ವಾಮಿ ಪಾತ್ರ ಮಾಡಿದ ಹುಡುಗ? ಮಾಸ್ಟರ್ ಮಂಜುನಾಥ್. ದೂರದರ್ಶನದ ಶುರುವಿನ ಟ್ಯೂನು ಮಾಡಿದ್ದು ಯಾರು? ಪಂಡಿತ್ ರವಿಶಂಕರ್. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ನನ್ನ ಹಾಗೆ ತೊಂಬತ್ತರ ದಶಕದ ಕೊನೆಯಲ್ಲಿ ಹುಟ್ಟಿದವರು. 'ಮಾಲ್ಗುಡಿ ಡೇಸ್' ಬಂದ 1986ರಲ್ಲಿ ನಮ್ಮ ಅಪ್ಪ-ಅಮ್ಮಂದಿರಿಗೇ ಮದುವೆ ಆಗಿರಲಿಲ್ಲ. ಆದರೂ ಉತ್ತರ ಎಲ್ಲರಿಗೂ ಗೊತ್ತು! ಸರ್ಕ್ಯೂಟ್ ಥಿಯರಿ ನಾಲ್ಕು ಸಲ ಓದಿದರೂ ನಿಲ್ಲದ ತಲೆಯಲ್ಲಿ ಇಂಥವು ಒಂದೇ ಸಲಕ್ಕೆ ಅಂಟಿಕೊಂಡು ಕೂತುಬಿಡುತ್ತವೆ.

ಕೊನೆಯ ಪ್ರಶ್ನೆ: ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದ ಊರು ಯಾವುದು?

"ಬೆಂಗಳೂರು!" ಅಂತ ಮೂರು ಟೀಮು ಕೂಗಿದವು. ಕ್ವಿಜ್ ಮಾಸ್ಟರ್ ಚೀಟಿ ನೋಡಿ "ಕರೆಕ್ಟ್, 1981" ಅಂದರು. ಚಪ್ಪಾಳೆ.

ನಾನು ಸುಮ್ಮನಿದ್ದೆ. ಉತ್ತರ ತಪ್ಪು ಅಂತ ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯವನು. ಇಂಜಿನಿಯರಿಂಗ್ ಓದೋಕೆ ಅಂತ ಬೆಂಗಳೂರಿಗೆ ಬಂದ ಮೊದಲ ವರ್ಷ, ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ "ನಿಮ್ಮ ಕಡೆ ಕರೆಂಟ್ ಇದೆಯೇನೋ?" ಅಂತ ಯಾರೋ ಕೇಳಿದ. ತಮಾಷೆಗೇ ಕೇಳಿದ್ದು, ಇರಲಿ. ನಾನು ಬಿಸಿಯಾಗಿ, "ಲೋ, ನಿಮ್ಮ ಬೆಂಗಳೂರಿಗೆ ಟಿ.ವಿ. ಬರೋಕೆ ಮೊದಲು ನಮ್ಮೂರಿಗೆ ಬಂದಿತ್ತು, ನಮ್ಮಪ್ಪ ಸಾಲಿಯಲ್ಲಿ ನೋಡಿದಾರೆ" ಅಂದುಬಿಟ್ಟೆ. ರೂಮಿನಲ್ಲಿ ಎದ್ದ ನಗು ನೋಡಬೇಕಿತ್ತು. ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ನನ್ನ ಅಡ್ಡಹೆಸರು 'ಟಿ.ವಿ.' ಆಗಿತ್ತು. ಅದಕ್ಕಿಂತ ಬೇಜಾರಿನ ವಿಷಯ ಏನಂದ್ರೆ, ನಿಧಾನವಾಗಿ ನನಗೂ ಅನುಮಾನ ಬಂತು. ಅಪ್ಪನ ಕಥೆಯಲ್ಲಿ ಅಮೆರಿಕದ ಉಪಗ್ರಹ ಇತ್ತು, ಕೋಳಿ ಗೂಡಿನ ಜಾಳಿಗೆಯಿಂದ ಮಾಡಿದ ದೊಡ್ಡ ಕೊಡೆ ಇತ್ತು, ಜೀಪು ಇತ್ತು. ಹಳ್ಳಿ ಕಡೆ ಅಪ್ಪಂದಿರು ಹೇಳುವ ಕಥೆಗಳಲ್ಲಿ ಇದೂ ಒಂದು ಅಂತ ಬಿಟ್ಟುಬಿಟ್ಟೆ. ಅಪ್ಪನನ್ನು ಆಮೇಲೆ ಆ ಬಗ್ಗೆ ಕೇಳಲೇ ಇಲ್ಲ.

ಕೆಲವು ವರ್ಷ ಆದ ಮೇಲೆ ಯಾವುದೋ ಇಸ್ರೋ ಲೇಖನ ಓದುವಾಗ 'ಗುಲ್ಬರ್ಗಾ' ಅನ್ನೋ ಹೆಸರು ಕಣ್ಣಿಗೆ ಬಿತ್ತು. ಅಪ್ಪ ಹೇಳಿದ್ದು ನಿಜ ಅಂತ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಕ್ವಿಜ್‌ನಲ್ಲಿ ಬಾಯಿ ಬಿಡಲಿಲ್ಲವಲ್ಲ, ಅದು ರಾತ್ರಿ ಪೂರ್ತಿ ಕೊರೆಯಿತು. ಹಾಗಾಗಿ ಕಳೆದ ಎರಡು ವಾರ ಸಿಕ್ಕಿದ್ದೆಲ್ಲ ಓದಿದೆ, ಅಪ್ಪನಿಗೆ ಐದಾರು ಸಲ ಫೋನ್ ಮಾಡಿದೆ. ಅದೆಲ್ಲ ಇಲ್ಲಿ ಬರೆದಿಡ್ತಾ ಇದ್ದೀನಿ.

*

1975ರ ಆಗಸ್ಟ್ 1, ಶುಕ್ರವಾರ. ಆವತ್ತು ಭಾರತದಲ್ಲಿ ಟಿ.ವಿ. ಅನ್ನೋದು ಎಲ್ಲೆಲ್ಲಿ ಇತ್ತು ಅಂತ ನೋಡಿ. ದೆಹಲಿಯಲ್ಲಿ 1959ರಿಂದ ಇತ್ತು. ಬೊಂಬಾಯಿಗೆ 1972ರಲ್ಲಿ ಬಂತು. ಶ್ರೀನಗರ, ಅಮೃತಸರಗಳಿಗೆ 1973ರಲ್ಲಿ. ಹೆಚ್ಚು ಕಡಿಮೆ ಅಷ್ಟೇ. ಕಲ್ಕತ್ತಾ ಕೇಂದ್ರ ಶುರುವಾಗಿದ್ದು 1975ರ ಆಗಸ್ಟ್ 9ಕ್ಕೆ, ಮದ್ರಾಸಿನದು ಆಗಸ್ಟ್ 15ಕ್ಕೆ. ಬೆಂಗಳೂರಿಗೆ ಇನ್ನೂ ಆರು ವರ್ಷ ಬಾಕಿ.

ಆ ಶುಕ್ರವಾರ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗಾಗಿ ಟಿ.ವಿ. ಪ್ರಸಾರ ಶುರುವಾಯಿತು. ಆಂಧ್ರ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ ಮತ್ತು ಕರ್ನಾಟಕ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. (ಯಾದಗಿರಿ, ಕೊಪ್ಪಳ, ಬಾಗಲಕೋಟೆ ಆಗಿನ್ನೂ ಬೇರೆ ಜಿಲ್ಲೆಗಳಾಗಿರಲಿಲ್ಲ.) ಅಂದರೆ ಲೆಕ್ಕ ಹಾಕಿ: ಕಲ್ಕತ್ತಾದವರಿಗಿಂತ ಎಂಟು ದಿನ ಮೊದಲು, ಮದ್ರಾಸಿನವರಿಗಿಂತ ಎರಡು ವಾರ ಮೊದಲು, ಬೆಂಗಳೂರಿನವರಿಗಿಂತ ಆರು ವರ್ಷ ಮೊದಲು ಟಿ.ವಿ. ಬಂದಿದ್ದು ಈ ಮೂರು ಜಿಲ್ಲೆಯ ಹಳ್ಳಿಗಳಿಗೆ. ಗುಲ್ಬರ್ಗಾ ಪಟ್ಟಣಕ್ಕೂ ಅಲ್ಲ, ಹಳ್ಳಿಗಳಿಗೆ! ಈ ವಾಕ್ಯ ಬರೆಯುವಾಗ ನನಗೆ ಆಗ್ತಿರೋ ಸಂತೋಷ ನಿಮಗೆ ಅರ್ಥ ಆಗಬೇಕಂದ್ರೆ ನೀವೂ ಒಂದು ಸೆಮಿಸ್ಟರ್ 'ಟಿ.ವಿ.' ಅಂತ ಕರೆಸಿಕೊಂಡಿರಬೇಕು.

ಇದರ ಪೂರ್ತಿ ಹೆಸರು ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಚಿಕ್ಕದಾಗಿ ಸೈಟ್. ತಲೆ ವಿಕ್ರಂ ಸಾರಾಭಾಯಿಯವರದು. ಟಿ.ವಿ.ಯನ್ನು ಮೊದಲು ದೊಡ್ಡ ಊರುಗಳಿಗೆ ಕೊಟ್ಟು, ಮಿಕ್ಕಿದ್ದು ಹಳ್ಳಿಗೆ ಅನ್ನೋ ಕ್ರಮವನ್ನೇ ತಿರುಗಿಸಿ ಹಾಕಬೇಕು ಅನ್ನೋದು ಅವರ ಹಠ. ಗೋಪುರ ಕಟ್ಟುತ್ತಾ ಹೋದರೆ ಹಳ್ಳಿ ತಲುಪಲು ಹತ್ತಾರು ವರ್ಷ ಬೇಕು. ಆಕಾಶದಿಂದಲೇ ಕಳಿಸಿದರೆ ದೆಹಲಿಗೂ ದೂರ ಅಷ್ಟೇ, ನಮ್ಮೂರಿಗೂ ದೂರ ಅಷ್ಟೇ. ನಮ್ಮ ಹತ್ತಿರ ಅಂಥ ಉಪಗ್ರಹ ಇರಲಿಲ್ಲ. ನಾಸಾ ಹತ್ತಿರ ಒಂದು ತಯಾರಾಗುತ್ತಿತ್ತು. 1969ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಆಯ್ತು: ಉಪಗ್ರಹ ಅವರದು, ಒಂದು ವರ್ಷದ ಮಟ್ಟಿಗೆ ಎರವಲು. ನೆಲದ ಮೇಲಿನದೆಲ್ಲ ನಮ್ಮದು, ಅಂದರೆ ಕಾರ್ಯಕ್ರಮ, ಭೂಕೇಂದ್ರ, ಹಳ್ಳಿಯ ಸೆಟ್ಟು, ರಿಪೇರಿ ಎಲ್ಲ. ಸಾರಾಭಾಯಿ 1971ರ ಡಿಸೆಂಬರ್‌ನಲ್ಲಿ ತೀರಿಹೋದರು. ಅವರು ಕನಸಿದ್ದು ಹಳ್ಳಿಯಲ್ಲಿ ಬೆಳಗಿದಾಗ ಅದನ್ನು ನೋಡಲು ಅವರಿರಲಿಲ್ಲ. ಕೆಲಸ ಮುಂದುವರಿಸಿದ್ದು ಸತೀಶ್ ಧವನ್, ಅಹಮದಾಬಾದಿನಲ್ಲಿ ಯಶ್ ಪಾಲ್, ಇ.ವಿ. ಚಿಟ್ನಿಸ್ ಮತ್ತವರ ಜೊತೆಗಿದ್ದ ಹುಡುಗರು. ಈಗಿನ ನಮ್ಮ ವಯಸ್ಸಿನವರೇ ಆಗಿದ್ದಿರಬೇಕು ಬಹಳಷ್ಟು ಮಂದಿ.

ಇಲ್ಲೊಂದು ತಮಾಷೆ. ಧವನ್ ಕಾಲದಲ್ಲಿ ಇಸ್ರೋದ ಮುಖ್ಯ ಕಚೇರಿ ಬೆಂಗಳೂರಿಗೆ ಬಂದಿತ್ತು. 1975ರ ಏಪ್ರಿಲ್‌ನಲ್ಲಿ ಹಾರಿದ ಆರ್ಯಭಟ ತಯಾರಾಗಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಉಪಗ್ರಹವನ್ನೇ ಕಟ್ಟುವ ಊರಿನಲ್ಲಿ ಟಿ.ವಿ. ಕೇಂದ್ರ ಇಲ್ಲ. ಜೋಳದ ಹೊಲದ ನಡುವಿನ ನಮ್ಮೂರ ಸಾಲಿಯಲ್ಲಿ ಟಿ.ವಿ.!

*

ಈಗ ಕೋಳಿ ಜಾಳಿಗೆ ವಿಷಯಕ್ಕೆ ಬರ್ತೀನಿ. ಹಾಸ್ಟೆಲ್ಲಿನಲ್ಲಿ ಅತಿ ಹೆಚ್ಚು ನಗು ಬಂದಿದ್ದು ಇದಕ್ಕೇ.

ಅಪ್ಪ ಹೇಳೋದು: "ಸಾಲಿ ಮುಂದ ಒಂದು ದೊಡ್ಡ ಕೊಡಿ ಇಟ್ಟಿದ್ರು. ಬಟ್ಟಿ ಇಲ್ಲ, ಬರೇ ಜಾಳಗಿ. ಕೋಳಿ ಗೂಡಿಗಿ ಹಾಕ್ತಾರಲ್ಲ, ಅದೇ. ಹೊತ್ತು ಮುಳುಗೋ ಕಡಿ ಮಾರಿ ಮಾಡಿ ನಿಂದ್ರಿಸಿದ್ರು."

ಅಕ್ಷರಶಃ ನಿಜ. ಹಳ್ಳಿಗಳಿಗೆ ಕೊಟ್ಟ ಆಂಟೆನಾ 3 ಮೀಟರ್ ಅಗಲದ ಬೋಗುಣಿ. ಅದರ ಮೈ ಮಾಡಿದ್ದು ಕೋಳಿ ಗೂಡಿಗೆ ಬಳಸುವಂಥ ತಂತಿ ಜಾಳಿಗೆಯಿಂದ. ಬಡತನದ ಅಡ್ಡದಾರಿ ಅಲ್ಲ ಅದು, ಒಳ್ಳೆ ಇಂಜಿನಿಯರಿಂಗ್. ಉಪಗ್ರಹ ಕಳಿಸುತ್ತಿದ್ದ ಅಲೆಯ ಆವರ್ತನ 860 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿ ನೋಡಿ, ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್ ಬರುತ್ತೆ. ಜಾಳಿಗೆಯ ತೂತು ಅದಕ್ಕಿಂತ ಎಷ್ಟೋ ಸಣ್ಣದು. ಅಷ್ಟು ಉದ್ದದ ಅಲೆಗೆ ಆ ತೂತುಗಳು ಕಾಣಿಸುವುದೇ ಇಲ್ಲ, ಗಟ್ಟಿ ತಗಡಿಗೆ ಬಡಿದ ಹಾಗೆ ಬಡಿದು ವಾಪಸ್ ಬರುತ್ತೆ. ಆದರೆ ಗಾಳಿಗೆ ತೂತು ಕಾಣಿಸುತ್ತೆ, ಆದ್ದರಿಂದ ಬಿರುಗಾಳಿಯಲ್ಲಿ ಕೊಡೆ ಹಾರಿಹೋಗೋದಿಲ್ಲ. ಹಗುರ, ಅಗ್ಗ, ಎತ್ತಿನ ಗಾಡಿಯಲ್ಲೂ ಸಾಗಿಸಬಹುದು.

ಇನ್ನು ಮೇಲಿನ ಕೊಡೆ. ಎಟಿಎಸ್-6 ಅನ್ನೋ ಆ ಉಪಗ್ರಹ ಹಾರಿದ್ದು 1974ರ ಮೇ 30ರಂದು. ಅದರ ಆಂಟೆನಾ 9 ಮೀಟರ್‌ಗೂ ಸ್ವಲ್ಪ ದೊಡ್ಡದು. ಅಷ್ಟಗಲದ್ದು ರಾಕೆಟ್ಟಿನೊಳಗೆ ಹಿಡಿಸೋದಿಲ್ಲ, ಹಾಗಾಗಿ ಅಲ್ಯೂಮಿನಿಯಂ ಕಡ್ಡಿಗಳಿಗೆ ತಾಮ್ರ ಸವರಿದ ಜಾಲರಿ ಬಟ್ಟೆ ಹೊಂದಿಸಿ, ಮಡಿಚಿ ಕಳಿಸಿ, ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳುವ ಹಾಗೆ ಮಾಡಿದ್ದರು. ಅಂದರೆ ಅದೂ ಒಂದು ಜಾಳಿಗೆ ಕೊಡೆಯೇ! 36,000 ಕಿಲೋಮೀಟರ್ ಮೇಲೆ ಅಮೆರಿಕದ ಜಾಳಿಗೆ ಕೊಡೆ, ಕೆಳಗೆ ನಮ್ಮೂರ ಜಾಳಿಗೆ ಕೊಡೆ, ನಡುವೆ ಬರೀ 80 ವ್ಯಾಟ್ ಶಕ್ತಿಯ ಟ್ರಾನ್ಸ್‌ಮಿಟರ್. ನಮ್ಮ ಅಡುಗೆ ಮನೆಯಲ್ಲಿ ಹಿಂದೆ ಉರೀತಿದ್ದ ಬಲ್ಬ್ 60 ವ್ಯಾಟಿನದು. ಮೇಲಿನ ಕೊಡೆ ದೊಡ್ಡದಿದ್ದ ಕಾರಣ ಕೆಳಗಿನದು ಚಿಕ್ಕದು ಸಾಕಾಯ್ತು. ಮೊದಲ ವರ್ಷ ಆ ಉಪಗ್ರಹ ಅಮೆರಿಕದಲ್ಲೇ ಅಪಲೇಚಿಯಾ, ಅಲಾಸ್ಕಾದಂಥ ದೂರದ ಊರುಗಳಿಗೆ ಪಾಠ, ವೈದ್ಯಕೀಯ ಸಲಹೆ ಮುಟ್ಟಿಸುತ್ತಿತ್ತು. 1975ರಲ್ಲಿ ಅದನ್ನು ನಿಧಾನಕ್ಕೆ ಸರಿಸಿ ಪೂರ್ವ ಆಫ್ರಿಕಾದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶಕ್ಕೆ ತಂದು ನಿಲ್ಲಿಸಿದರು. ಆ ಜುಲೈನಲ್ಲಿ ಅಮೆರಿಕ-ರಷ್ಯಾ ನೌಕೆಗಳು ಬಾಹ್ಯಾಕಾಶದಲ್ಲಿ ಕೈಕುಲುಕಿದವಲ್ಲ, ಅಪೊಲೊ-ಸೋಯುಜ್, ಅದರ ಸಂಪರ್ಕಕ್ಕೂ ಇದೇ ಉಪಗ್ರಹ ದುಡಿಯಿತು. ಅದಾದ ಒಂದು ವಾರಕ್ಕೆ ನಮ್ಮಪ್ಪನ ಮೂರನೇ ಕ್ಲಾಸಿಗೆ ಪಾಠ!

ಅಪ್ಪನ "ಹೊತ್ತು ಮುಳುಗೋ ಕಡಿ" ಮಾತನ್ನು ಪರೀಕ್ಷೆ ಮಾಡದೆ ಬಿಡಲು ಮನಸ್ಸಾಗಲಿಲ್ಲ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಕಲಬುರಗಿಯ ಅಕ್ಷಾಂಶ-ರೇಖಾಂಶ ಕೊಟ್ಟು ನೋಡಿದೆ. ನೆಲದಿಂದ ಸುಮಾರು 39 ಡಿಗ್ರಿ ಎತ್ತರ. ದಿಕ್ಕು ಪಶ್ಚಿಮ, ಸುಮಾರು 18 ಡಿಗ್ರಿ ದಕ್ಷಿಣಕ್ಕೆ ವಾಲಿದ್ದು. ಚಳಿಗಾಲದಲ್ಲಿ ಹೊತ್ತು ಮುಳುಗುವ ಜಾಗ ಅದಕ್ಕಿಂತ ಕೆಲವೇ ಡಿಗ್ರಿ ಆಚೆ. ಎಂಟು ವರ್ಷದ ಹುಡುಗ ನೋಡಿದ್ದು, ಐವತ್ತು ವರ್ಷ ಆದ ಮೇಲೂ ಸರಿಯಾಗಿದೆ. ನನ್ನ ಕೋಡು ಮೊದಲ ಸಲಕ್ಕೆ ಸರಿ ಬರಲಿಲ್ಲ, ಆ ಮಾತು ಬೇರೆ.

*

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಸಾಲಿ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕಕ್ಕೂ ಸಮನಾಗಿ ಹಂಚಿದ್ದರು, ಒಂದೊಂದಕ್ಕೆ 22½ ನಿಮಿಷ. ಮೊದಲ ಸಲ ಫೋನಿನಲ್ಲಿ ಕೇಳಿದಾಗ ಅಪ್ಪ "ಇಪ್ಪತ್ತು-ಇಪ್ಪತ್ತೈದು ನಿಮಿಷ ಇರ್ತಿತ್ತು, ರುಚಿ ಹತ್ತೂದರಾಗ ಮುಗೀತಿತ್ತು" ಅಂದಿದ್ದರು. ನಾನು ಆಮೇಲೆ 22½ ಅಂತ ಓದಿ ಹೇಳಿದರೆ, "ಅರ್ಧ ನಿಮಿಷ ಯಾಕ ಬಿಡಬೇಕು ಅಂತ ಕೊಟ್ಟಿರಬೇಕು" ಅಂತ ನಕ್ಕರು.

ಕನ್ನಡ ಕಾರ್ಯಕ್ರಮ ಎಲ್ಲಿ ತಯಾರಾಗುತ್ತಿತ್ತು ಗೊತ್ತಾ? ಹೈದರಾಬಾದಿನಲ್ಲಿ. ದೆಹಲಿ, ಕಟಕ್, ಹೈದರಾಬಾದ್ ಈ ಮೂರು ಕಡೆ ಸ್ಟುಡಿಯೋ ಕೇಂದ್ರ ಮಾಡಿದ್ದರು. ತೆಲುಗು ಮತ್ತು ಕನ್ನಡ ಎರಡೂ ಹೈದರಾಬಾದಿನ ಪಾಲಿಗೆ ಬಂದವು. ಕನ್ನಡ ಟಿ.ವಿ.ಯ ಹೆರಿಗೆ ಮನೆ ಹೈದರಾಬಾದು ಅನ್ನೋದನ್ನ ಯಾವ ಕ್ವಿಜ್‌ನಲ್ಲೂ ಕೇಳೋದಿಲ್ಲ ನೋಡಿ. ಉಪಗ್ರಹ ಒಂದು ಸಲಕ್ಕೆ ಒಂದೇ ಚಿತ್ರ ಕಳಿಸುತ್ತಿತ್ತು, ಆದರೆ ಅದರ ಜೊತೆ ಎರಡು ಧ್ವನಿ ಕಳಿಸಬಹುದಿತ್ತು. ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಹೊಂದಿಸುವ ಅನುಕೂಲ. ಈಗ ಓಟಿಟಿಯಲ್ಲಿ ಆಡಿಯೋ ಬದಲಿಸುತ್ತೀವಲ್ಲ, ಆ ಉಪಾಯ ಅವತ್ತೇ ಇತ್ತು. ಸೆಟ್ಟುಗಳನ್ನು ಮಾಡಿದ್ದೂ ಹೈದರಾಬಾದಿನ ಇಸಿಐಎಲ್ ಕಂಪನಿ. ಮಾಡಿದವರು ಆಕಾಶವಾಣಿಯವರು, ದೂರದರ್ಶನ ಅನ್ನೋದು ಆಕಾಶವಾಣಿಯಿಂದ ಬೇರೆ ಮನೆ ಮಾಡಿದ್ದು 1976ರ ಏಪ್ರಿಲ್ 1ಕ್ಕೆ. ಅಂದರೆ ನಮ್ಮೂರವರು ಟಿ.ವಿ. ನೋಡಿದ್ದು ಈಗಿನ ದೂರದರ್ಶನಕ್ಕಿಂತಲೂ ಹಳೇದು.

ಏನು ತೋರಿಸ್ತಿದ್ರು? ಬೆಳಿಗ್ಗೆ ವಿಜ್ಞಾನ, ಕಥೆ, ಹಾಡು. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜನಪದ ಕಲೆ, ಜೊತೆಗೆ ಆರೂ ರಾಜ್ಯಕ್ಕೆ ಒಟ್ಟಿಗೆ ಹೋಗುವ ಅರ್ಧ ಗಂಟೆಯ ಹಿಂದಿ ಕಾರ್ಯಕ್ರಮ. ಇದೆಲ್ಲ ನಡೆದಿದ್ದು ತುರ್ತು ಪರಿಸ್ಥಿತಿಯ ನಡುವೆ ಅನ್ನೋದನ್ನು ಮರೆಯೋ ಹಾಗಿಲ್ಲ. ಜೂನ್ 25ಕ್ಕೆ ತುರ್ತು ಪರಿಸ್ಥಿತಿ, ಆಗಸ್ಟ್ 1ಕ್ಕೆ ಸೈಟ್. ಹಳ್ಳಿಗೆ ಒಂದೇ ಪೆಟ್ಟಿಗೆ, ಆ ಪೆಟ್ಟಿಗೆಯಲ್ಲಿ ಒಂದೇ ದನಿ, ಅದೂ ಸರ್ಕಾರದ್ದು. ಹಳ್ಳಿಗೆ ಜ್ಞಾನ ಮುಟ್ಟಿಸಬೇಕು ಅಂತ ನಿಜವಾಗಿ ನಂಬಿದ್ದ ವಿಜ್ಞಾನಿಗಳೂ, ಹೇಳಿದ್ದನ್ನು ಮಾತ್ರ ಹಳ್ಳಿ ಕೇಳಲಿ ಅಂತ ಬಯಸಿದ ಸರ್ಕಾರವೂ ಒಂದೇ ತಂತಿ ಬಳಸಿದ್ದಾರೆ. ಯಾರ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ. ನನಗೆ ಮೊದಲಿನವರ ಮೇಲೆ ಪ್ರೀತಿ ಜಾಸ್ತಿ, ಮುಚ್ಚುಮರೆ ಏನಿಲ್ಲ. ಸಾಲಿ ರಜದಲ್ಲಿ ಇದೇ ಉಪಗ್ರಹ ಬಳಸಿ ಐವತ್ತು ಸಾವಿರದ ಹತ್ತಿರ ಪ್ರಾಥಮಿಕ ಶಾಲೆ ಮಾಸ್ತರರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ಈಗ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸು ಅಂತ ನಾವು ಪಟ್ಟ ಪಾಡು ನೆನೆಸಿಕೊಂಡರೆ, 1975ರಲ್ಲಿ ಇದನ್ನು ಹೇಗೆ ಸಂಭಾಳಿಸಿದರೋ!

ಅಪ್ಪನಿಗೆ ಪಾಠದ್ದು ಏನೂ ನೆನಪಿಲ್ಲ. ನಿಜ ಹೇಳಬೇಕಂದ್ರೆ ಒಂದೇ ಒಂದು ಪಾಠವೂ ನೆನಪಿಲ್ಲ. ನೆನಪಿರೋದು ಬೇರೆ. ಸೆಟ್ಟಿಗೆ ಮರದ ಪೆಟ್ಟಿಗೆ ಇತ್ತು, ಅದಕ್ಕೆ ಬೀಗ, ಬೀಗದ ಕೈ ಮಾಸ್ತರರ ಜನಿವಾರದಲ್ಲಿ. ಸ್ವಿಚ್ ಹಾಕಿದ ಮೇಲೆ ಚಿತ್ರ ಬರೋವರೆಗೂ ಉಸಿರು ಬಿಗಿಹಿಡಿದು ಕೂರೋದು. ಕೆಟ್ಟು ನಿಂತರೆ ಜೀಪು ಬರುತ್ತಿತ್ತು, ಜೀಪಿನ ಹಿಂದೆ ಊರ ಮಕ್ಕಳೆಲ್ಲ ಓಡೋದು. "ಟಿ.ವಿ. ಕೆಟ್ಟರೂ ಖುಷಿನೇ, ಜೀಪ್ ಬರ್ತಿತ್ತಲ್ಲ!"

ಅಜ್ಜಿಯನ್ನೂ ಕೇಳಿಸಿದೆ. ಅಜ್ಜಿ ವರ್ಷದಲ್ಲಿ ಒಂದೇ ಒಂದು ಸಂಜೆ ನೋಡಿದ್ದಂತೆ. "ಸಂಜೀಕ ರೊಟ್ಟಿ ಬಡಿಯೋರ್ಯಾರು? ನಿಮ್ಮ ಮುತ್ಯಾ ನೋಡಿ ಬಂದು ಹೇಳ್ತಿದ್ರು, ನಾ ಕೇಳ್ತಿದ್ದೆ." ಟಿ.ವಿ. ಬಂದ ಹಳ್ಳಿಯಲ್ಲೂ ಅಜ್ಜಿಯ ಪಾಲಿಗೆ ಅದು ರೇಡಿಯೋ ಆಗಿತ್ತು, ಅದೂ ಮುತ್ಯಾನ ಬಾಯಿಂದ ಬರುವ ರೇಡಿಯೋ. ಪಾಪ, ಕುಟುಂಬ ಯೋಜನೆ ಬಗ್ಗೆ ಮುತ್ಯಾ ಏನು ಹೇಳಿರಬಹುದು ಅಂತ ಕೇಳೋ ಧೈರ್ಯ ನನಗಾಗಲಿಲ್ಲ.

ಇದೇ ಪ್ರಸಾರ ನೋಡುತ್ತಿದ್ದ ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಆರ್ಥರ್ ಸಿ. ಕ್ಲಾರ್ಕ್. '2001: ಎ ಸ್ಪೇಸ್ ಒಡಿಸ್ಸಿ' ಬರೆದವರು, ಭೂಮಿಯ ಮೇಲೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಅಂತ 1945ರಲ್ಲೇ ಲೇಖನ ಬರೆದವರು. ಅವರಿದ್ದದ್ದು ಕೊಲಂಬೊದಲ್ಲಿ. 1975ರಲ್ಲಿ ಇಸ್ರೋ ಇಂಜಿನಿಯರುಗಳು ಅಲ್ಲಿಗೆ ಹೋಗಿ ಅವರ ಮನೆಗೂ ಒಂದು ಸೈಟ್ ಆಂಟೆನಾ ಹಾಕಿಕೊಟ್ಟು ಬಂದರು. ಶ್ರೀಲಂಕಾಕ್ಕೆ ತನ್ನದೇ ಟಿ.ವಿ. ಬಂದಿದ್ದು 1979ರಲ್ಲಿ. ಆ ಒಂದು ವರ್ಷ ಕ್ಲಾರ್ಕ್ ಮನೆಗೆ ಬರುತ್ತಿದ್ದದ್ದು ಇದೇ ಉಪಗ್ರಹದ ಇದೇ ಚಿತ್ರ. ಹಾಗಾದರೆ ಕನ್ನಡದ ಸರದಿಯ ಹೊತ್ತಿಗೆ ಅವರು ಸೆಟ್ ಹಚ್ಚಿದ್ದರೆ, ನಮ್ಮಪ್ಪ ನೋಡಿದ್ದನ್ನೇ ಅವರೂ ನೋಡಿರುತ್ತಾರೆ. ಅಪ್ಪನಿಗೆ ಇದನ್ನು ವಿವರಿಸಿದೆ. "ಅವರಿಗಿ ಕನ್ನಡ ತಿಳೀತಿತ್ತೇನು?" ಅಂದರು. ಇಲ್ಲ ಅಂದೆ. "ಮತ್ತ ನಾವೇ ಮುಂದ."

*

ಅಪ್ಪನ ನೆನಪು ಎಡವಿದ್ದು ಎರಡು ಕಡೆ.

ಟಿ.ವಿ. ಎರಡು-ಮೂರು ವರ್ಷ ಇತ್ತು ಅಂತ ಅವರು ನಂಬಿದ್ದರು. ಇದ್ದದ್ದು ಸರಿಯಾಗಿ ಒಂದೇ ವರ್ಷ, 1976ರ ಜುಲೈ 31ರವರೆಗೆ. ಇನ್ನೊಂದು, ಟಿ.ವಿ. ನಿಂತಿದ್ದು ಇಂದಿರಾ ಗಾಂಧಿ ಸೋತಿದ್ದಕ್ಕೆ ಅಂತ ಅವರು ಮಾತ್ರವಲ್ಲ, ನಮ್ಮೂರ ಹಿರಿಯರೆಲ್ಲ ಹೇಳುತ್ತಾರೆ. ತುರ್ತು ಪರಿಸ್ಥಿತಿ ಮುಗಿದಿದ್ದು 1977ರ ಮಾರ್ಚ್‌ನಲ್ಲಿ, ಟಿ.ವಿ. ನಿಂತು ಆಗಲೇ ಏಳೆಂಟು ತಿಂಗಳಾಗಿತ್ತು. ನಿಂತಿದ್ದಕ್ಕೆ ಕಾರಣ ಬಹಳ ಸರಳ: ಎರವಲಿನ ಅವಧಿ ಮುಗಿಯಿತು. ನಾಸಾ ತನ್ನ ಉಪಗ್ರಹವನ್ನು ವಾಪಸ್ ಸರಿಸಿಕೊಂಡಿತು. ಆಕಾಶದಲ್ಲಿ ಅಷ್ಟೆತ್ತರದಲ್ಲಿರೋದನ್ನು ಯಾರೂ ನೋಡಿರಲಿಲ್ಲ, ಅದು ಹೋಗಿದ್ದೂ ಕಾಣಿಸಲಿಲ್ಲ. ಸ್ವಿಚ್ ಹಾಕಿದರೆ ಬರೀ ಇರುವೆ ಹರಿದಾಡಿದ ಹಾಗೆ ಚುಕ್ಕಿ. ಊರವರಿಗೆ ಒಂದು ಕಾರಣ ಬೇಕಿತ್ತು, ದೆಹಲಿಯ ಸುದ್ದಿ ಹೊಂದಿಕೊಂಡಿತು.

ಆ ಒಂದು ವರ್ಷದ ಬಗ್ಗೆ ಪುಸ್ತಕಗಟ್ಟಲೆ ಅಧ್ಯಯನ ನಡೆದಿದೆ. ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು ಬರೆದುಕೊಂಡರು. ಪ್ರಯೋಗ ಗೆದ್ದಿತು ಅಂತಲೇ ಎಲ್ಲರೂ ಹೇಳಿದರು, ಇತಿಹಾಸದಲ್ಲೇ ಅತಿ ದೊಡ್ಡ ಸಂವಹನ ಪ್ರಯೋಗ ಅಂತ ಕ್ಲಾರ್ಕ್ ಹೊಗಳಿದರು. ಇಲ್ಲಿ ನನಗೆ ಒಂದು ಸಂಕಟ. ನಮ್ಮೂರನ್ನು ಆರಿಸಿದ್ದು ಯಾಕೆ? ಹಿಂದುಳಿದ ಜಿಲ್ಲೆ ಅಂತ. ಹಾಸ್ಟೆಲ್ಲಿನಲ್ಲಿ ನಕ್ಕಿದ್ದು ಯಾಕೆ? ಹಿಂದುಳಿದ ಜಿಲ್ಲೆ ಅಂತ. ಮೊದಲು ಬಂದದ್ದಕ್ಕೂ, ಬಂದಿತ್ತು ಅಂದರೆ ಯಾರೂ ನಂಬದೆ ಇರೋದಕ್ಕೂ ಕಾರಣ ಒಂದೇ! ಪ್ರಯೋಗ ಗೆದ್ದರೆ ಪ್ರಯೋಗಕ್ಕೆ ಒಳಗಾದವರಿಗೆ ಏನು ಸಿಗಬೇಕು ಅನ್ನೋದು ಒಪ್ಪಂದದ ಯಾವ ಕಲಮಿನಲ್ಲೂ ಇರಲಿಲ್ಲ ಅಂತ ಕಾಣುತ್ತೆ.

ಏನೂ ಸಿಗಲೇ ಇಲ್ಲ ಅಂತಲ್ಲ. 1977ರಲ್ಲಿ ಗುಲ್ಬರ್ಗಾಕ್ಕೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಸೈಟ್ ನಿಂತ ಮೇಲೆ ಅದರ ಹಳ್ಳಿಗಳನ್ನು ಪೂರ್ತಿ ಕೈಬಿಡಬಾರದು ಅಂತ ಜೈಪುರ, ರಾಯಪುರ, ಮುಜಾಫರ್‌ಪುರ, ಸಂಬಲಪುರ ಮುಂತಾದ ಕಡೆ ಕೊಟ್ಟ ಕೇಂದ್ರಗಳ ಸಾಲಿನಲ್ಲಿ ನಮ್ಮದೂ ಒಂದು. ಹಾಗಾಗಿ ಉಪಗ್ರಹದ ಮಾತು ಬಿಟ್ಟರೂ, ರಾಜ್ಯದ ಮೊದಲ ಟಿ.ವಿ. ಕೇಂದ್ರ ಅನ್ನೋ ಹೆಸರೂ ಗುಲ್ಬರ್ಗಾದ್ದೇ, ಬೆಂಗಳೂರಿನದಲ್ಲ. ಕ್ವಿಜ್ ಮಾಸ್ಟರ್‌ಗೆ ಎರಡೂ ಕಡೆಯಿಂದ ಸೊನ್ನೆ. ಆದರೆ ಗೋಪುರದ ಅಲೆ ಉಪಗ್ರಹದ ಹಾಗಲ್ಲ. ಅದರ ಅಳತೆಗೆ ಸಿಕ್ಕಿದ ಊರಿಗೆ ಬಂತು, ಆಚೆ ಇದ್ದ ಊರಿಗೆ ಇಲ್ಲ. ನಮ್ಮೂರು ಆಚೆ ಇತ್ತು. ದೂರ ಅನ್ನೋದನ್ನೇ ಅಳಿಸಿಹಾಕಬೇಕು ಅಂತಿದ್ದರು ಸಾರಾಭಾಯಿ, ಒಂದು ವರ್ಷ ಅದು ಅಳಿಸಿತ್ತು, ಮತ್ತೆ ವಾಪಸ್ ಬಂತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತಿರೋದೇ. 1981ರಲ್ಲಿ ಬೆಂಗಳೂರು. 1982ರಲ್ಲಿ ಏಷ್ಯಾಡ್, ಬಣ್ಣದ ಟಿ.ವಿ. ಅದೇ ವರ್ಷ ನಮ್ಮದೇ ಇನ್ಸಾಟ್-1ಎ ಹಾರಿ ಕೆಲವೇ ತಿಂಗಳಲ್ಲಿ ಕೆಟ್ಟುಹೋಯಿತು, 1983ರಲ್ಲಿ 1ಬಿ ಸರಿಹೋಯ್ತು. 1984ರಲ್ಲಿ 'ಹಮ್ ಲೋಗ್', 1987ರಲ್ಲಿ 'ರಾಮಾಯಣ'. ಸೈಟ್ ಕಲಿಸಿದ ತಂತ್ರಜ್ಞಾನವೆಲ್ಲ ಇನ್ಸಾಟ್‌ಗೆ ಬಂತು, ಕ್ರಮ ಮಾತ್ರ ತಿರುಗಿಹೋಯಿತು. ಮೊದಲು ಪಟ್ಟಣ, ಆಮೇಲೆ ಹಳ್ಳಿ. ಅಪ್ಪ ಎರಡನೇ ಸಲ ಟಿ.ವಿ. ನೋಡಿದ್ದು 'ರಾಮಾಯಣ' ಬಂದಾಗ, ಕಲಬುರಗಿಯಲ್ಲಿ ಕಾಲೇಜು ಓದುವಾಗ, ಯಾರದೋ ಮನೆಯ ಕಿಟಕಿಯಿಂದ. ಅಲ್ಲಿ ಒಬ್ಬರು "ಹಿಂದ ಯಾವಾಗರೆ ಟಿ.ವಿ. ನೋಡೀಯೇನು?" ಅಂತ ಕೇಳಿದರಂತೆ. ಅಪ್ಪ "ಇಲ್ಲ" ಅಂದರಂತೆ.

"ಯಾಕಪ್ಪಾ, ನೋಡಿದ್ರಿ ಅಲ್ಲ?" ಅಂದೆ.

"ಹೇಳಿದ್ರ ಯಾರು ನಂಬತಿದ್ರು?"

ಫೋನ್ ಹಿಡಿದುಕೊಂಡು ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಕ್ವಿಜ್ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ.

2021ರಲ್ಲಿ ದೂರದರ್ಶನದ ಹಳೆ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸುವಾಗ ಕಲಬುರಗಿಯ ಹೆಸರೂ ಸುದ್ದಿಗೆ ಬಂತು. ಕೇಂದ್ರ ಮುಚ್ಚುತ್ತಾರಂತೆ ಅಂತ ಗಲಾಟೆಯಾಗಿ, ಇಲ್ಲ, ಉಪಗ್ರಹ ಚಾನೆಲ್ಲಿಗೆ ಕಾರ್ಯಕ್ರಮ ಮಾಡುವುದು ಮುಂದುವರಿಯುತ್ತೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಆ ಸುದ್ದಿ ನಾನು ಆಗಲೇ ಮೊಬೈಲಿನಲ್ಲಿ ನೋಡಿದ್ದೆ, ಬೆರಳು ಸರಿಸಿ ಮುಂದಕ್ಕೆ ಹೋಗಿದ್ದೆ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ಸಾಲಿ ಹತ್ತಿರ ಹೋಗಿ ನೋಡಿ ಬಂದೆ. ಹಳೆ ಕೋಣೆ ಇಲ್ಲ, ಹೊಸ ಕಟ್ಟಡ ಎದ್ದಿದೆ. ಕೊಡೆ ನಿಂತಿದ್ದ ಜಾಗ ಅಂತ ಅಪ್ಪ ತೋರಿಸಿದ್ದು ಈಗ ನೀರಿನ ಟಾಕಿ. ಸೆಟ್ಟು ಏನಾಯ್ತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಜಾಳಿಗೆ ಏನಾಯ್ತು ಅನ್ನೋದರಲ್ಲಿ ಮಾತ್ರ ಊರಿಗೆಲ್ಲ ಒಮ್ಮತ: ಬಹಳ ವರ್ಷ ಸಾಲಿ ಹಿಂದೆ ಬಿದ್ದಿತ್ತು, ಆಮೇಲೆ ಯಾರೋ ಒಯ್ದು ಕೋಳಿ ಗೂಡಿಗೆ ಹಾಕಿಕೊಂಡರು.

ನಿಮ್ಮಲ್ಲಿ ಯಾರಾದರೂ ಬಿಜಾಪುರ, ರಾಯಚೂರು, ಯಾದಗಿರಿ ಕಡೆಯವರಿದ್ದರೆ ಮನೆಯಲ್ಲಿ ಐವತ್ತೈದು ದಾಟಿದವರನ್ನು ಒಮ್ಮೆ ಕೇಳಿ ನೋಡಿ. 'ಜಾಳಗಿ ಕೊಡಿ' ಅಂದರೆ ಸಾಕು, ನೆನಪಿದ್ದರೆ ಅವರೇ ಮುಂದಿನದು ಹೇಳ್ತಾರೆ. ಹೇಳಿದರೆ ನನಗೂ ಒಂದು ಸಾಲು ಬರೆಯಿರಿ. ಯಾವ ಊರು, ಸಾಲಿಯೋ ಪಂಚಾಯ್ತಿ ಕಟ್ಟೆಯೋ, ಇಷ್ಟಿದ್ದರೂ ಸಾಕು.